ಗೋಡೆಗೆ ಮುಖ ಮಾಡಿದ ಕುಡಿಕೆ

ಕೊಟ್ಟೂರಿನಲ್ಲಿ ಬೆಳಗಿನ ಹೊತ್ತು ಒಗ್ಗರಣೆ ಮಂಡಕ್ಕಿಯ ಮುಂದೆ ಕುಳಿತ ಹಾಲಸ್ವಾಮಿಯನ್ನು ಎಬ್ಬಿಸುವುದೂ ಒಂದೇ, ಕೆರೆಗಿಳಿದ ಎಮ್ಮೆಯನ್ನು ಎಬ್ಬಿಸುವುದೂ ಒಂದೇ. ಆದರೆ ಅವತ್ತು ಅಮೃತಾ ಟೀಚರ್ ನೀಲಗಂಗಮ್ಮನವರ ಪಡಸಾಲೆಗೆ ಅಳುತ್ತಲೇ ಬಂದಾಗ, ಬಾಯಲ್ಲಿದ್ದ ಮೆಣಸಿನಕಾಯಿಯನ್ನು ಅಗಿಯುವುದನ್ನೂ ಮರೆತು ಅವನು ಎದ್ದು ನಿಂತುಬಿಟ್ಟ.

"ಅಕ್ಕಾರ, ನೀವು ಈಗಿಂದೀಗ ನಮ್ಮ ಸಾಲಿಗೆ ಬರಬೇಕ್ರಿ. ಒಂದು ಕುಡಿಕಿ ಒಡದೈತಿ."

"ಕುಡಿಕಿ ಒಡದಿದ್ದಕ್ಕ ಇಷ್ಟು ಕಣ್ಣೀರಾ ಟೀಚರ್ರ?" ಎಂದು ಹಾಲಸ್ವಾಮಿ ನಕ್ಕ.

ನೀಲಗಂಗಮ್ಮ ನಗಲಿಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಠಾಣೆಗಳಲ್ಲಿ ದುಡಿದು ಎಎಸ್‌ಐ ಆಗಿ ನಿವೃತ್ತರಾದ ಹೆಂಗಸು ಅವರು. ಖಾಕಿ ಬಿಚ್ಚಿಟ್ಟರೂ ಸುತ್ತಲ ಹಳ್ಳಿಯವರು ಬಿಡಬೇಕಲ್ಲ! ಬಳೆ ಕಳೆದರೂ ಅಕ್ಕಾರು, ಎಮ್ಮೆ ತಪ್ಪಿದರೂ ಅಕ್ಕಾರು. ಪಕ್ಕದ ಮನೆಯಲ್ಲೇ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಹಾಲಸ್ವಾಮಿಗೆ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವುದೇ ದೊಡ್ಡ ಬಿರುದು. ಸ್ವಂತ ಮದುವೆಯ ತಾರೀಖು ಮರೆತಾನು, ಅಕ್ಕಾರು ಬಿಡಿಸಿದ ಒಂದು ಕೇಸನ್ನೂ ಮರೆತವನಲ್ಲ.

"ಕೂಡವ್ವಾ. ಮೊದಲಿಂದ ಹೇಳು," ಎಂದು ನೀಲಗಂಗಮ್ಮ ನೀರಿನ ತಂಬಿಗೆಯನ್ನು ಟೀಚರ್ ಮುಂದಿಟ್ಟರು.

ಅಮೃತಾ ಟೀಚರ್ ಕಲಿಸುವುದು ಹೊಸಹಳ್ಳಿ ರಸ್ತೆಯಿಂದ ಒಳಗಿರುವ ಬಸರಿಕಟ್ಟೆಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಮಕ್ಕಳಲ್ಲಿ ಕೆಲವರು ಮನೆಯ ಜಗಳವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದು ಮೂಲೆಯಲ್ಲಿ ಮುದುಡಿ ಕೂರುತ್ತಿದ್ದರು. ಏನಾಯಿತು ಎಂದು ಕೇಳಿದರೆ ಇನ್ನಷ್ಟು ಮುದುಡುತ್ತಿದ್ದರು. ಅದಕ್ಕೆ ಟೀಚರ್ ಒಂದು ಉಪಾಯ ಹೂಡಿದ್ದಳು. ಮಗುವಿಗೊಂದು ಮಣ್ಣಿನ ಕುಡಿಕೆ, ಹೊಟ್ಟೆ ದಪ್ಪ, ಕೊರಳು ಸಣ್ಣ. ಅದರ ಮೇಲೆ ಆ ಮಗುವೇ ಬರೆದ ತನ್ನ ಮುಖ. ಎಲ್ಲ ಕುಡಿಕೆಗಳೂ ಶಾಲೆಯ ಜಗಲಿಯ ಕಲ್ಲಿನ ಹಲಗೆಯ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಬೇಸರವಾದ ಮಗು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತನ್ನ ಕುಡಿಕೆಯ ಮುಖವನ್ನು ಗೋಡೆಗೆ ತಿರುಗಿಸಿದರೆ ಸಾಕು. ಕಂಡವರು ಯಾರಾದರೂ ಹೋಗಿ ಆ ಮಗುವಿನ ಪಕ್ಕ ಕೂರಬೇಕು, ಏನೂ ಕೇಳಬಾರದು. ಮನಸ್ಸು ಹಗುರಾದ ಮೇಲೆ ಆ ಗೆಳತಿಯೋ ಗೆಳೆಯನೋ ಹೋಗಿ ಕುಡಿಕೆಯನ್ನು ಮತ್ತೆ ಇತ್ತ ತಿರುಗಿಸಬೇಕು. ಕೇಳುತ್ತಿದ್ದ ಹಾಲಸ್ವಾಮಿಗೆ, ನಮ್ಮ ಕಾಲದಲ್ಲೂ ಇಂಥದೊಂದು ಇದ್ದಿದ್ದರೆ ಎನ್ನಿಸಿತು.

"ಇವತ್ತು ಸಂಜಿಗೆ ನಮ್ಮ ಸಾಲ್ಯಾಗ 'ಚೈತ್ರದ ಚಿಲಿಪಿಲಿ' ಹಬ್ಬ ಐತ್ರಿ. ತಾಯಿ ತಂದಿ ಎಲ್ಲಾ ಬರ್ತಾರ. ಗುಬ್ಬಿ ಗೂಡು ಕಟ್ಟಲಿ ಅಂತ ಕುಡಿಕಿಗಳನ್ನ ಬೇವಿನ ಮರಕ್ಕ ಕಟ್ಟೋರಿದ್ವಿ. ಬೆಳಿಗ್ಗೆ ನೋಡಿದ್ರ ಕೋಮಲಾನ ಕುಡಿಕಿ ಚೂರುಚೂರು. ಎಲ್ಲಾರೂ ನಾಲ್ಕನೇ ಕ್ಲಾಸಿನ ಶಿವಗಂಗಾನ ಮ್ಯಾಲೆ ಹೊರಸ್ಯಾರ. ಆ ಕೂಸು ಬೆಳಿಗ್ಗೆಯಿಂದ ಒಂದು ಮಾತೂ ಆಡವಲ್ದು. ಸಂಜಿ ಒಳಗ ತಪ್ಪು ಒಪ್ಪಿಕೊಳ್ಳದಿದ್ರ ಟಿಸಿ ಕೊಟ್ಟು ಕಳಸ್ರಿ ಅಂತ ಸಾಲಿ ಸಮಿತಿ ಅಧ್ಯಕ್ಷರು ಹಟ ಹಿಡದು ಕುಂತಾರ."

ನೀಲಗಂಗಮ್ಮ ಸೆರಗು ಸಿಕ್ಕಿಸಿ ಎದ್ದರು. "ತಮ್ಮಾ, ಗಾಡಿ ತಗಿ. ಉಳಿದ ಮಂಡಕ್ಕಿ ಕಟ್ಟಿಕೊಂಡು ಬಾ."

ಶಾಲೆಯ ಬಾಗಿಲಲ್ಲೇ ಅಧ್ಯಕ್ಷ ವೀರಭದ್ರಯ್ಯ ಎದುರಾದರು. ಕಾಳಿನ ವ್ಯಾಪಾರಿ, ಶಾಲಾ ಸಮಿತಿಯ ಯಜಮಾನಿಕೆ, ದನಿ ಮಾತ್ರ ಧ್ವನಿವರ್ಧಕ ಬೇಡದಷ್ಟು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರಿ ಅಮ್ಮಾರ? ಕೋಲಾಟದಾಗ ಕೋಮಲಾ ಬ್ಯಾರೆ ಜೋಡಿ ಮಾಡಿಕೊಂಡ್ಲು ಅಂತ ನಿನ್ನಿ ಇಬ್ಬರೂ ಟೂ ಬಿಟ್ಟಾರ. 'ನಿನ್ನ ಕುಡಿಕಿ ಒಡದ ಹಾಕ್ತೀನಿ' ಅಂತ ಶಿವಗಂಗಾ ಎಲ್ಲಾರ ಮುಂದ ಕೂಗ್ಯಾಳ. ಇವತ್ತು ಕಸ ಹೊಡಿಯೋ ಪಾಳಿ ಆಕೀದು, ಎಲ್ಲಾರಿಗಿಂತ ಮೊದಲು ಬಂದಾಕೀನೂ ಆಕೀನ. ಇನ್ನೇನು ಬೇಕು?" ಆಮೇಲೆ ಅಡುಗೆಕೋಣೆಯ ಕಡೆ ಕಣ್ಣು ಹಾಯಿಸಿ ಸೇರಿಸಿದರು: "ಈ ಸಾಲ್ಯಾಗ ಯಾರನ್ನೂ ನಂಬಂಗಿಲ್ಲ. ಹಬ್ಬದ ಉಸುಳಿಗೆ ನಾ ಕೊಟ್ಟ ಕಡಲಿ ಚೀಲದ ಬಾಯಿ ಬಿಚ್ಚೈತಿ. ಒಂದು ಕಾಳು ಆಚೀಚಿ ಆದ್ರೂ ಕೆಲಸ ಬಿಡಸ್ತೀನಿ ಅಂತ ಮಾಳಮ್ಮಗ ನಿನ್ನೇನ ಮಕ್ಕಳ ಮುಂದ ಹೇಳಿದ್ದೆ."

ಅಡುಗೆಯ ಮಾಳಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಆಮೇಲೆ ಒಳಗೆ ಹೋದಳು. ಅವಳ ಸೆರಗು ಹಿಡಿದು ನಿಂತಿದ್ದ ಮೊಮ್ಮಗಳೇ ಕೋಮಲಾ. ಅತ್ತು ಅತ್ತು ಅವಳ ಮುಖ ಊದಿತ್ತು.

ನೀಲಗಂಗಮ್ಮ ಜಗಲಿಗೆ ಹೋದರು. ಹೋಳುಗಳು ನೆಲಕ್ಕೆ ಬಿದ್ದಿರಲಿಲ್ಲ. ಕುಡಿಕೆ ಕೂತಿದ್ದ ಜಾಗದ ಸುತ್ತ, ಹಲಗೆಯ ಮೇಲೆಯೇ ಬಿಚ್ಚಿಕೊಂಡು ಮಲಗಿದ್ದವು. ಎಡಬಲದ ಕುಡಿಕೆಗಳಿಗೆ ಒಂದು ಗೀರೂ ಇಲ್ಲ. ಕಲ್ಲಿಲ್ಲ, ಕೋಲಿಲ್ಲ. ಅವರು ಒಂದು ಹೋಳನ್ನು ಎತ್ತಿ ಒಳಮೈ ಸವರಿ ಮೂಸಿದರು. ಹೊರಗೆ ಒಣಗಿತ್ತು, ಒಳಗೆ ತಣ್ಣಗೆ ಹಸಿಯಾಗಿತ್ತು, ಒಂದು ತೆಳ್ಳನೆಯ ಸಿಪ್ಪೆ ಅಂಟಿಕೊಂಡಿತ್ತು.

"ಇವುಕ್ಕ ನೀರು ಹಾಕಿದ್ರೇನವ್ವಾ?"

"ಇಲ್ರಿ, ಗುಬ್ಬಿ ಗೂಡಿಗೆ ನೀರು ಯಾಕ ಹಾಕ್ತೀವಿ?" ಎಂದಳು ಟೀಚರ್.

ಹಲಗೆಯ ಕೆಳಗೆ ಬೆರಳುದ್ದದ ಮೆಕ್ಕೆಜೋಳದ ಬೆಂಡು ಬಿದ್ದಿತ್ತು. ಊರ ತುಂಬ ಬೆಂಡೇ, ಒಲೆಗೂ ಅದೇ, ಬಾಟಲಿಯ ಬಿರಡೆಗೂ ಅದೇ. ಹಾಲಸ್ವಾಮಿ ಅದನ್ನು ಕಾಲಿನಿಂದ ಸರಿಸಲು ಹೋದ. ನೀಲಗಂಗಮ್ಮ ಅವನ ಕಾಲಿಗೆ ಛಟ್ಟನೆ ಒಂದು ಏಟು ಕೊಟ್ಟು, ಬೆಂಡನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು. ಅದರ ಒಂದು ತುದಿ ಮಾತ್ರ ನೆನೆದಿತ್ತು.

"ಗೊತ್ತಾತು ಅಕ್ಕಾರ! ಇದು ಮಂಗ್ಯಾನ ಕೆಲಸ," ಎಂದ ಹಾಲಸ್ವಾಮಿ.

"ಮಂಗ್ಯಾ ಒಂದ ಕುಡಿಕಿ ಒಡದು ಕೈ ಮುಗದು ಹೋಗ್ತೈತೇನೋ? ಸಾಲಿಗೆ ಸಾಲೇ ಉರುಳಸ್ತಿತ್ತು." ಅವರ ಕಣ್ಣು ಸಾಲಿನ ಕೊನೆಗೆ ಹೋಯಿತು. ಅಲ್ಲಿ ಒಂದು ಕುಡಿಕೆ ಗೋಡೆಗೆ ಮುಖ ಮಾಡಿ ಕೂತಿತ್ತು. "ಅದು ಯಾರದವ್ವಾ?"

ಟೀಚರ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಶಿವಗಂಗಾಂದ್ರಿ... ನಿನ್ನಿ ಸಂಜಿಗೆ ಎಲ್ಲಾ ಮುಖ ಇತ್ತಾಗ ಇದ್ವು. ಈ ಗದ್ದಲದಾಗ ನಾವ್ಯಾರೂ ನೋಡೇ ಇಲ್ಲಲ್ರೀ!"

ತರಗತಿಯ ಮೂಲೆಯಲ್ಲಿ ಶಿವಗಂಗಾ ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದಳು. ಒಂದು ಕೈ ಲಂಗದ ಜೇಬನ್ನು ಗಟ್ಟಿಯಾಗಿ ಮುಚ್ಚಿತ್ತು. ಜೇಬಿನ ಸುತ್ತ ಬಟ್ಟೆ ಒದ್ದೆಯಾಗಿತ್ತು. ಇನ್ನೇನು ಅಕ್ಕಾರು ಪ್ರಶ್ನೆಗಳ ಮಳೆ ಸುರಿಸುತ್ತಾರೆ ಎಂದು ಹಾಲಸ್ವಾಮಿ ಕಿವಿ ನಿಮಿರಿಸಿದ. ಅವರು ಸುಮ್ಮನೆ ಹೋಗಿ ಆ ಹುಡುಗಿಯ ಪಕ್ಕ ನೆಲದ ಮೇಲೆ ಕೂತರು. ಮಂಡಕ್ಕಿಯ ಪೊಟ್ಟಣ ಬಿಚ್ಚಿ ನಡುವೆ ಇಟ್ಟರು. ಒಂದು ಮಾತಿಲ್ಲ. ಬಹಳ ಹೊತ್ತಾದ ಮೇಲೆ ಶಿವಗಂಗಾ ಮಂಡಕ್ಕಿ ಮುಟ್ಟದಿದ್ದರೂ ತಲೆಯನ್ನು ಅವರ ತೋಳಿಗೆ ಆನಿಸಿದಳು. ಎಂಥೆಂಥ ಕಳ್ಳರ ಬಾಯಿ ಬಿಡಿಸಿದ ಹೆಂಗಸು ಒಂದು ಮಗುವಿನ ಮೌನಕ್ಕೆ ಇಷ್ಟು ಮರ್ಯಾದೆ ಕೊಡುವುದನ್ನು ಕಂಡು ಹಾಲಸ್ವಾಮಿಗೆ ಕೈ ಮುಗಿಯುವ ಹಾಗಾಯಿತು.

"ಈ ಕೂಸು ಒಡದಿಲ್ಲ," ಎಂದರು ಹೊರಗೆ ಬಂದು. "ಆದ್ರ ಒಡದದ್ದು ಏನು ಅಂತ ಆಕಿಗೆ ಗೊತ್ತೈತಿ."

"ಬಾಯೇ ಬಿಡಲಿಲ್ಲಲ್ರೀ ಅಕ್ಕಾರ!"

"ನಿನ್ನಂಗ ಬಾಯಿ ಬಿಟ್ಟೋರೆಲ್ಲ ಏನು ಹೇಳ್ತೀರಿ ಅಂತ ನನಗ ಗೊತ್ತಿಲ್ಲೇನು? ಬಾ, ಹಿತ್ತಲಕ್ಕ."

ಅಡುಗೆಕೋಣೆಯ ಹಿಂದಿನ ಗೋಡೆಯ ಬುಡದಲ್ಲಿ ಗೊರವಂಕ ಹಕ್ಕಿಗಳು ಗುಂಪು ಕಟ್ಟಿ ಕಚ್ಚಾಡುತ್ತಿದ್ದವು. ನೀಲಗಂಗಮ್ಮ ಬಗ್ಗಿ ಮಣ್ಣಿನಿಂದ ಏನನ್ನೋ ಹೆಕ್ಕಿದರು. ಆಮೇಲೆ ಅಡುಗೆಕೋಣೆಗೆ ಹೋಗಿ ಕದ ಹಾಕಿಕೊಂಡರು. ಹೊರಗೆ ಬಂದಾಗ ಕೈಯಲ್ಲಿ ಒಂದು ಮುಚ್ಚಿದ ಬುಟ್ಟಿ. ಅದನ್ನು ಹಬ್ಬಕ್ಕೆ ಹಾಕಿದ್ದ ವೇದಿಕೆಯ ಮೇಲೆ ಬಿಸಿಲು ಬೀಳುವ ಕಡೆ ಇಟ್ಟರು.

"ಬುಟ್ಟ್ಯಾಗ ಏನೈತ್ರಿ ಅಕ್ಕಾರ?"

"ಸಾಕ್ಷಿ. ನೀರು ಕುಡಿಯಾಕತ್ತೈತಿ, ಅವಸರ ಮಾಡಬ್ಯಾಡ."

ಮಧ್ಯಾಹ್ನ ಊರಿನ ನಾಲ್ಕು ಜನ ಹಿರಿಯರು ಬೇವಿನ ನೆರಳಿಗೆ ಕೂತಿದ್ದಾಗ ಅವರು ವೀರಭದ್ರಯ್ಯನವರನ್ನು ಮಾತಿಗೆ ಎಳೆದರು. "ಹಬ್ಬಕ್ಕ ಚೀಲದ ತುಂಬ ಕಡಲಿ ಕೊಟ್ಟೀರಂತ, ದೊಡ್ಡ ಮನಸ್ಸು ಅಯ್ಯಾರ. ಅಂದಂಗ, ಕೊಟ್ಟ ಮ್ಯಾಲೆ ಅದು ನಿಮ್ಮದೋ ಮಕ್ಕಳದೋ?"

ಹಿರಿಯರೆಲ್ಲ ತಮ್ಮನ್ನೇ ನೋಡುತ್ತಿದ್ದುದು ವೀರಭದ್ರಯ್ಯನವರಿಗೆ ಹಿತವಾಯಿತು. "ಏನು ಮಾತ್ರೀ ಅಮ್ಮಾರ! ಮಕ್ಕಳಿಗೆ ಅಂತ ಕೊಟ್ಟ ಮ್ಯಾಲೆ ಮಕ್ಕಳದ. ನಂದು ಅನ್ನೋ ಕಾಳು ಅದರಾಗ ಒಂದೂ ಇಲ್ಲ!"

"ಎಲ್ಲಾರೂ ಕೇಳಿದ್ರಲ್ಲ?" ಎಂದು ನಕ್ಕು ಅವರು ಅಲ್ಲಿಂದ ಎದ್ದರು.

ಸಂಜೆ ಅಂಗಳ ತುಂಬಿತು. ಮಾವಿನ ತೋರಣ, ಬಣ್ಣದ ಕಾಗದ, ಕೋಲಾಟದ ಕೋಲು ಹಿಡಿದ ಮಕ್ಕಳು. ಶಿವಗಂಗಾ ಮಾತ್ರ ಕೋಲಿಲ್ಲದೆ ಟೀಚರ್ ಪಕ್ಕ ನಿಂತಿದ್ದಳು. ಅವಳ ಅಪ್ಪ ಸುಂಕಪ್ಪ ತಲೆ ತಗ್ಗಿಸಿ ಹಿಂದಿನ ಸಾಲಿನಲ್ಲಿ ಕೂತಿದ್ದ. ನೀಲಗಂಗಮ್ಮ ಬುಟ್ಟಿಯ ಪಕ್ಕ ನಿಂತು ಮಾತು ಶುರು ಮಾಡಿದರು.

"ಸಿಟ್ಟು ಬಂದೋರು ಕುಡಿಕಿ ಒಡದ್ರ ನೆಲಕ್ಕ ಅಪ್ಪಳಸ್ತಾರ, ಇಲ್ಲಾ ಕಲ್ಲು ಒಗಿತಾರ. ಇಲ್ಲಿ ಹೋಳು ಹಲಗಿ ಮ್ಯಾಲೇ ಸುತ್ತಲೂ ಬಿದ್ದಾವ, ಮಗ್ಗಲ ಕುಡಿಕಿಗೆ ಏನೂ ಆಗಿಲ್ಲ. ಅಂದ್ರ ಹೊರಗಿನ ಏಟಿಗೆ ಒಡದಿದ್ದಲ್ಲ, ಒಳಗಿನ ಒತ್ತಿಗೆ ಒಡದಿದ್ದು. ಒಳಮೈ ಹಸಿ ಇತ್ತು, ಒಂದು ಹೋಳಿಗೆ ಕಾಳಿನ ಸಿಪ್ಪಿ ಅಂಟಿತ್ತು. ಹಲಗಿ ಕೆಳಗ ಬೆಂಡು ಬಿದ್ದಿತ್ತು, ಒಂದು ತುದಿ ನೆನದದ್ದು, ಬಿರಡಿ ಜಡದಿದ್ದು. ಹಿತ್ತಲದಾಗ ಗೊರವಂಕ ಕಚ್ಚಾಡತಿದ್ವು, ಅಲ್ಲಿ ನನಗ ಸಿಕ್ಕದ್ದು ಇದು." ಅಂಗೈ ಬಿಚ್ಚಿದರು. ಉಬ್ಬಿದ ಒಂದು ಕಡಲೆ ಕಾಳು.

"ಕಡಲಿ ಕುಡಿಕಿ ಒಡೀತದ ಅಂದ್ರ ನಂಬೂದು ಹೆಂಗ್ರಿ?" ಎಂದು ವೀರಭದ್ರಯ್ಯ ನಕ್ಕರು. ಜನರೂ ನಕ್ಕರು. ಇಷ್ಟು ದಿನದ ಹೆಸರು ಇವತ್ತು ಮಣ್ಣುಪಾಲಾಗುತ್ತದಲ್ಲ ಶಿವನೇ, ಎಂದು ಹಾಲಸ್ವಾಮಿ ಕಣ್ಣು ಮುಚ್ಚಿಕೊಂಡ.

ನೀಲಗಂಗಮ್ಮ ಅವಸರಪಡಲಿಲ್ಲ. ಬುಟ್ಟಿಯ ಮುಚ್ಚಳ ತೆಗೆದರು. ಒಳಗಿದ್ದ, ಮುಖ ಬರೆಯದ ಅಂಥದೇ ಒಂದು ಕುಡಿಕೆಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಇಟ್ಟರು; ಅದರ ಕೊರಳಿಗೆ ಬೆಂಡು ಜಡಿದಿತ್ತು. "ಬೆಳಿಗ್ಗೆ ಕಡಲಿ ತುಂಬಿ, ಬಿಸಿನೀರು ಹಾಕಿ ಇಟ್ಟೀನಿ. ನಮ್ಮ ಮನ್ಯಾಗ ಮೊಳಕಿ ಕಟ್ಟೂದು ಅರಿವಿ ಗಂಟಿನಾಗ. ಕಾಳು ಉಬ್ಬಿದಂಗ ಅರಿವಿ ಸಡಲ್ತದ. ಮಣ್ಣಿಗೆ ಸಡಲೂದು ಗೊತ್ತಿಲ್ಲ. ಕಾಳಿಗೆ ಜಾಗ ಬೇಕು, ಕುಡಿಕಿ ಜಾಗ ಬಿಡೂದಿಲ್ಲ. ಆವಾಗ..."

ಆವಾಗ ಏನೂ ಆಗಲಿಲ್ಲ. ಯಾರೋ ಕೆಮ್ಮಿದರು. ನೀಲಗಂಗಮ್ಮ ಕೈ ಕಟ್ಟಿ ನಿಂತೇ ಇದ್ದರು. ಹಾಲಸ್ವಾಮಿ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತು ಮುಗಿಸುವಷ್ಟರಲ್ಲಿ, ಟಪ್ ಎಂದಿತು. ಕುಡಿಕೆಯ ಹೊಟ್ಟೆ ಸೀಳಿ, ಹೋಳುಗಳು ಸುತ್ತ ಬಿಚ್ಚಿಕೊಂಡು ಬಿದ್ದವು. ನಡುವೆ ಕಡಲೆಯ ರಾಶಿ ನಿಂತಿತ್ತು.

"ಅಯ್ಯಯ್ಯೋ!" ಎಂದಿತು ಇಡೀ ಅಂಗಳ. ಹಾಲಸ್ವಾಮಿ ಮಾತ್ರ ತಾನೇ ಒಡೆಸಿದವನಂತೆ ಮೀಸೆ ತಿರುವಿದ.

"ಹಂಗಾದ್ರ ಕಡಲಿ ತುಂಬಿದೋರು ಯಾರು?" ಎಂದರು ವೀರಭದ್ರಯ್ಯ.

ಅಡುಗೆಕೋಣೆಯ ಕಡೆಯಿಂದ ಕೋಮಲಾ ಬಿಕ್ಕುತ್ತ ಮುಂದೆ ಬಂದಳು. "ನಾನ್ರೀ. ಶಿವಿಗೆ ಮೊಳಕಿ ಕಡಲಿ ಅಂದ್ರ ಭಾಳ ಆಸಿ. ಹಬ್ಬದ ದಿನ ಕೊಟ್ಟು ಟೂ ಮುರಿಯೋಣಂತ ನಿನ್ನಿ ಸಂಜಿಗೆ ಯಾರಿಗೂ ಹೇಳದಂಗ ಕಡಲಿ, ನೀರು ತುಂಬಿದ್ದೆ. ಇಲಿ ತಿಂತಾವಂತ ಬೆಂಡು ಜಡದೆ. ಬೆಳಿಗ್ಗೆ ಕಡಲೀನೂ ಇರಲಿಲ್ಲ, ಕುಡಿಕೀನೂ ಇರಲಿಲ್ಲ. ಶಿವೀನ ಒಡದ್ಲು ಅನ್ಕೊಂಡೆ. ಹೇಳಿದ್ರ ಅಜ್ಜಿ ಕೆಲಸ ಹೋಗ್ತೈತಿ ಅಂತ..."

"ಶಿವಗಂಗಾನೂ ಅದಕ್ಕ ಬಾಯಿ ಬಿಡಲಿಲ್ಲ," ಎಂದರು ನೀಲಗಂಗಮ್ಮ. ಅವರ ದನಿ ಈಗ ಬೇರೆಯಾಗಿತ್ತು. "ಕಸ ಹೊಡಿಯಾಕ ಬಂದಾಕಿ ಕಂಡದ್ದು ಒಡದ ಕುಡಿಕಿ, ಸುತ್ತಲೂ ಚೀಲದ ಕಡಲಿ. ಅಧ್ಯಕ್ಷರ ಮಾತು ಆಕಿ ಕಿವ್ಯಾಗ ಇತ್ತು. ಕಡಲಿ ಯಾರ ಕಣ್ಣಿಗಾದ್ರೂ ಬಿದ್ರ ಕೋಮಲಾ ಕಳ್ಳಿ, ಮಾಳಮ್ಮ ಬೀದಿಪಾಲು. ಕಾಳು ಬಳದು ಹಕ್ಕಿಗೆ ಹಾಕಿದ್ಲು. ಒಂದು ಹಿಡಿ ಮಾತ್ರ ಬಿಸಾಕಾಕ ಮನಸ್ಸು ಬರಲಿಲ್ಲ, ಅದು ಆಕಿ ಜೇಬಿನಾಗ ಐತಿ. ಕುಡಿಕಿ ಒಡದಾಕಿ ಅಂತ ಇಡೀ ಊರು ಬೈದ್ರೂ ಸಹಿಸಿಕೊಂಡ್ಲು. ಒಡದ ಕೈ ಆಗಿದ್ರ ಅವಿತು ಕುಂಡ್ರತಿತ್ತು. ಈ ಕೂಸು ಹೋಗಿ ತನ್ನ ಕುಡಿಕಿ ಮುಖ ಗೋಡಿಗೆ ತಿರುಗಿಸಿತ್ತು. ಯಾರರ ಬಂದು ನನ್ನ ಮಗ್ಗಲ ಕುಂಡ್ರರಿ ಅಂತ ಕೇಳಿತ್ತು. ನಾವು ದೊಡ್ಡೋರು ಒಬ್ಬರೂ ನೋಡಲಿಲ್ಲ."

ಸುಂಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

ವೀರಭದ್ರಯ್ಯ ಗಂಟಲು ಸರಿಮಾಡಿಕೊಂಡರು. "ಆದ್ರೂ ಅಮ್ಮಾರ, ಚೀಲಕ್ಕ ಕೈ ಹಾಕಿದ್ದು..."

"ಯಾರ ಚೀಲ ಅಯ್ಯಾರ?"

ಮಧ್ಯಾಹ್ನ ನೆರಳಿಗೆ ಕೂತಿದ್ದ ಹಿರಿಯರು ನಾಲ್ವರೂ ವೀರಭದ್ರಯ್ಯನವರ ಮುಖ ನೋಡಿದರು. ಒಳ್ಳೆಯ ಮಾತೇನೆಂದರೆ, ಮನುಷ್ಯ ಜೋರಾಗಿದ್ದರೂ ಕೆಟ್ಟವನಲ್ಲ. "ಮಕ್ಕಳದು," ಎಂದರು ಮೆಲ್ಲಗೆ. ಆಮೇಲೆ ಅಡುಗೆಕೋಣೆಯ ಕಡೆ ತಿರುಗಿ, "ಮಾಳಮ್ಮಾ, ನಿನ್ನಿ ಮಕ್ಕಳ ಮುಂದ ಹಂಗ ಅನ್ನಬಾರದಿತ್ತು. ತಪ್ಪಾತು," ಎಂದರು. ಆ ದನಿ ಇಷ್ಟು ಸಣ್ಣಗೂ ಬರುತ್ತದೆಂದು ಬಸರಿಕಟ್ಟೆಗೆ ಅವತ್ತೇ ಗೊತ್ತಾದದ್ದು.

ಶಿವಗಂಗಾ ಜೇಬಿನಿಂದ ಕೈ ತೆಗೆದಳು. ಅಂಗೈಯಲ್ಲಿ ಬೆಳಗಿನಿಂದ ಬೆವರಿನಲ್ಲಿ ನೆನೆದ ಒಂದು ಹಿಡಿ ಕಡಲೆ. ಕೆಲವಕ್ಕೆ ಬಿಳಿಯ ಸಣ್ಣ ತುದಿ ಇಣುಕಿತ್ತು.

"ಮೊಳಕಿ ಬಂದಾವು ಕೋಮಲಿ," ಎಂದಳು. ಇಡೀ ದಿನಕ್ಕೆ ಅವಳ ಮೊದಲ ಮಾತು ಅದು. "ನೋಡು."

ಕೋಮಲಾ ಒಂದು ಕಾಳು ಬಾಯಿಗೆ ಹಾಕಿಕೊಂಡಳು, ಒಂದನ್ನು ಶಿವಗಂಗಾಳ ಬಾಯಿಗೆ ಹಾಕಿದಳು. ಫೋಟೋ ತೆಗೆಯುವುದು ಹಾಲಸ್ವಾಮಿಗೆ ನೆನಪಾಗಲೇ ಇಲ್ಲ. ಅವನು ಬಾಯಿ ತೆರೆದು ನೋಡುತ್ತಿದ್ದಂತೆಯೇ ಕೋಮಲಾ ಜಗಲಿಗೆ ಓಡಿಹೋಗಿ, ಬೆಳಗಿನಿಂದ ಗೋಡೆ ನೋಡುತ್ತಿದ್ದ ಆ ಕುಡಿಕೆಯನ್ನು ಎರಡೂ ಕೈಗಳಿಂದ ಇತ್ತ ತಿರುಗಿಸಿದಳು.