ನಾಲಿಗೆ ಕಳೆದ ಗಂಟೆ

ಗಂಟೆ ಇತ್ತು. ಅದರ ನಾಲಿಗೆ ಇರಲಿಲ್ಲ!

ಎಳೆಯುವ ಹಗ್ಗದ ಸಮೇತ ಮಾಯ. ಬೆಳಗ್ಗೆ ಸಭಾಂಗಣದ ಬೀಗ ತೆಗೆದ ವಿದ್ಯಾರ್ಥಿ ನಾಯಕಿ ತಲೆಯೆತ್ತಿ ನೋಡಿ ಹಲ್ಲು ಕಚ್ಚಿದಳು. ಆಳು ಗಿಡ್ಡ, ಬಾಯಿ ಜೋರು. ಹಾಸ್ಟೆಲಿನವರಿಗೆಲ್ಲ ಅವಳು ಮೆಣಸಿನಕಾಯಿ.

ಆ ವಸತಿಶಾಲೆಯಲ್ಲಿ ಒಂದು ಕಟ್ಟಳೆ. ನಾಯಕಿ ಗಂಟೆ ಬಾರಿಸಿದರೆ ಮಕ್ಕಳ ಸಭೆ ಸೇರಲೇಬೇಕು; ದೊಡ್ಡ ಮೇಡಂ ಕೂಡ ಬಂದು ಕೂತು ಕೇಳಲೇಬೇಕು. ಗಂಟೆ ಇಲ್ಲವೋ, ಸಭೆಯೂ ಇಲ್ಲ. ಇವತ್ತಿನ ಸಭೆಯ ವಿಷಯ ವಾರ್ಡನ್ ಸಾಹೇಬರೇ. ಹಾಸಿಗೆ ಒದ್ದೆ ಮಾಡಿಕೊಂಡ ಪುಟ್ಟ ಮಕ್ಕಳ ಕೈಗೆ ಆ ಒದ್ದೆ ಹೊದಿಕೆ ಕೊಟ್ಟು ಅಂಗಳದಲ್ಲಿ ಎಲ್ಲರೆದುರು ನಿಲ್ಲಿಸುತ್ತಿದ್ದರು. ಈಗಲೂ ಒಬ್ಬಳು ಹೊರಗೆ ತಲೆ ತಗ್ಗಿಸಿ ನಿಂತಿದ್ದಳು. ನೋಡಿದರೆ ಮೆಣಸಿನಕಾಯಿಗೆ ಮೈ ಉರಿಯುತ್ತಿತ್ತು.

ಸುದ್ದಿ ಕೇಳಿ ದೊಡ್ಡ ಮೇಡಂ ಬಂದರು. ಹಿಂದೆಯೇ ವಾರ್ಡನ್. ಬಾಗಿಲ ತುಂಬ ಮಕ್ಕಳು.

“ಇನ್ಯಾರು, ಲಂಬೂನೇ!” ವಾರ್ಡನ್ ತೀರ್ಪು ಕೊಟ್ಟೇಬಿಟ್ಟರು. ಲಂಬು ಎಂದರೆ ನಾಯಕನ ಚುನಾವಣೆಯಲ್ಲಿ ಸೋತ ಹುಡುಗ. “ಹೊಟ್ಟೆಕಿಚ್ಚು. ಅಷ್ಟೆತ್ತರ ಕೈ ಎಟುಕೋದು ಅವನಿಗೊಬ್ಬನಿಗೇ. ಮನೆಗೆ ಕಳಿಸಿ ಮೇಡಂ. ಈ ಸಭೆ-ಗಿಭೆನೂ ಸಾಕು.”

ಬಾಗಿಲಲ್ಲಿದ್ದ ಲಂಬು ನಾಯಕಿಯತ್ತ ತಿರುಗಿದ. “ನಾನಲ್ಲ ಕಣೇ...”

“ಗೊತ್ತು, ಸುಮ್ನಿರೋ. ಸಾರ್, ಇಲ್ಲಿನ ಬೀಗದ ಕೈ ಯಾರ್‍ಯಾರ ಹತ್ರ ಇದೆ?”

“ನಿನ್ನ ಹತ್ರ, ಅಡುಗೆ ಅಕ್ಕನ ಹತ್ರ, ನನ್ನ ಹತ್ರ. ನಿಂದನ್ನೇ ಕದ್ದಿರ್ತಾನೆ.”

“ನಂದು ಕೊರಳಲ್ಲೇ ಇದೆ. ನಿದ್ದೇಲೂ ತೆಗಿಯಲ್ಲ.” ಅವಳು ಗಂಟೆಯ ಕೆಳಗಿನ ಬೆಂಚಿನತ್ತ ಬಾಗಿದಳು. ಧೂಳಿನ ನಡುವೆ ಒರೆಸಿದ ಒಂದು ಪಟ್ಟೆ. “ಯಾರೋ ಹತ್ತಿ, ಹೆಜ್ಜೆ ಗುರುತು ಒರೆಸಿದಾರೆ. ನಿಂತಲ್ಲೇ ಎಟುಕೋ ಲಂಬುಗೆ ಬೆಂಚು ಯಾಕೆ?”

“ಹಾಗಾದ್ರೆ ಗಿಡ್ಡಿ, ನೀನೇ!”

“ಅಥವಾ ಅಡುಗೆ ಅಕ್ಕ. ಅಥವಾ—”

“ಮಾತು ನೋಡ್ಕೊಂಡು ಆಡು,” ಎಂದರು ದೊಡ್ಡ ಮೇಡಂ. “ಸಾಕ್ಷಿ ಇದ್ಯಾ?”

“ಮೂಲೇಲಿ ನಿಂತಿದೆ ಮೇಡಂ.”

ಎಲ್ಲರೂ ತಿರುಗಿದರು. ನೆಲ ಒರೆಸುವ ಮಾಪು! ಬಟ್ಟೆ ಕೆಳಗಾಗಿ, ಸುತ್ತ ನೀರು ಬಿಟ್ಟುಕೊಂಡು ನಿಂತಿತ್ತು.

“ಒರೆಸಿದ ಮೇಲೆ ಬಟ್ಟೆ ಮೇಲೆ ಮಾಡಿ ನಿಲ್ಲಿಸ್ಬೇಕು, ಇಲ್ಲಾಂದ್ರೆ ನಾರುತ್ತೆ. ತಪ್ಪಿದ್ರೆ ವಾರವಿಡೀ ಕಕ್ಕಸು ತೊಳೀಬೇಕು. ಇಲ್ಲಿ ನೆಲ ಒರೆಸೋರು ನಾವು ಮಕ್ಕಳು, ಜೊತೆಗೆ ಅಡುಗೆ ಅಕ್ಕ. ನಮ್ಮ ಕೈ ತಾನಾಗೇ ತಿರುಗಿಸುತ್ತೆ. ಬೀಗದ ಕೈ ಇರೋ ಮೂವರಲ್ಲಿ ಮಾಪು ಮುಟ್ಟದೇ ಇರೋರು ಒಬ್ರೇ. ಆ ನಿಯಮ ಬರೆದು ಗೋಡೆಗೆ ಅಂಟಿಸಿದ್ದೂ ಅವರೇ— ಅಲ್ವಾ ವಾರ್ಡನ್ ಸಾರ್?”

ದೊಡ್ಡ ಮೇಡಂ ವಾರ್ಡನ್ನರತ್ತ ತಿರುಗಿದರು. “ಎಲ್ಲಿಟ್ಟಿದ್ದೀರಿ?”

“ಶಿಸ್ತು ಉಳೀಲಿ ಅಂತ ಮೇಡಂ... ನನ್ನ ಟ್ರಂಕಲ್ಲಿದೆ. ಮಧ್ಯಾಹ್ನ ಹಾಕಿಸ್ತೀನಿ. ಸಭೆ ನಾಳೆಗೆ ಇಟ್ಕೊಳ್ಳೋಣ.”

“ನಾಳೆ? ಆ ಪುಟ್ಟಿ ಹೊರಗೆ ನಿಂತಿರೋದು ಇವತ್ತು!”

ಮೆಣಸಿನಕಾಯಿ ಮಾಪು ಎತ್ತಿಕೊಂಡು ಬೆಂಚು ಹತ್ತಿದಳು. ಕೋಲಿನ ತುದಿಯಿಂದ ಗಂಟೆಗೆ ಬಲವಾಗಿ ಬಾರಿಸಿದಳು. ಒಡಕು ದನಿ. ಮತ್ತೆ ಬಾರಿಸಿದಳು. ಲಂಬು ಬೆಂಚು ಅಲುಗದಂತೆ ಹಿಡಿದುಕೊಂಡ. ದೊಡ್ಡ ಮೇಡಂ ಹೋಗಿ ಮುಂದಿನ ಸಾಲಿನಲ್ಲಿ ಕೂತರು.

ಅಂಗಳದಲ್ಲಿದ್ದ ಪುಟ್ಟಿ ಗಂಟೆ ಕೇಳಿ ತಲೆಯೆತ್ತಿದಳು. ಹೊದಿಕೆಯನ್ನು ಅಲ್ಲೇ ನೆಲಕ್ಕೆ ಹಾಕಿ, ಸಭೆಗೆ ನಡೆದು ಬಂದಳು.