ದುಪಟ್ಟಾದ ಕೆಳಗಿನ ದರ

"ಕಳಪೆ ಮಾಲ್ ಹಾಕಿ ರೊಕ್ಕ ನುಂಗ್ಯಾನ! ಎಂಟನೇ ಕ್ಲಾಸ್ ದಾಟಲಾರದ ಹಮಾಲನ ಮಗಗ ಕಂಪ್ಯೂಟರ್ ಯಾಕ ಬೇಕಿತ್ತಲೇ? ಹೋಗು, ಚೀಲಾ ಹೊರು ಹೋಗು!"

ಸ್ವಪ್ನಿಲ್‌ನ ಅಬ್ಬರ ಸಪ್ನಾಳ ಮನೆಯ ಇಡೀ ಪಡಸಾಲೆಗೆ ಕೇಳಿಸಿತು. ಗಣಪತಿ ನೋಡಲು ಬಂದಿದ್ದ ನೆರೆಹೊರೆಯವರು ಕೈಯಲ್ಲಿ ಮೋದಕ ಹಿಡಿದು ಹಾಗೇ ನಿಂತರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

ಮಾಂತು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಎದುರಿಗೆ, ಆಟದ ನಡುವೆ ಪಟ್ಟನೆ ಆರಿಹೋದ ಕಂಪ್ಯೂಟರು. ಅದನ್ನು ಜೋಡಿಸಿದವನು ಅವನೇ. ಕಿವಿ ಕೆಂಪೇರಿತು. ಆದರೂ ಅವನು ಸ್ವಪ್ನಿಲ್‌ನತ್ತ ತಿರುಗಲಿಲ್ಲ.

ಸಪ್ನಾಳನ್ನು ನೋಡಿದ.

ಒಂದು ಮಾತು... ಅವಳು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು!

ಸಪ್ನಾ ನೆಲ ನೋಡಿದಳು.

ಮಾಂತು ಮುಚ್ಚಳ ಮುಚ್ಚಿ, ತಿರುಪು ಬಿಗಿದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಬಡವ ಸುಮ್ಮನಿದ್ದರೆ ಕಳ್ಳ, ಬಾಯಿಬಿಟ್ಟರೆ ಸೊಕ್ಕಿನವ. ಎರಡರಲ್ಲಿ ಒಂದನ್ನು ಅವನು ಆರಿಸಿಕೊಂಡಿದ್ದ.

ಯಾಕೆ ಸುಮ್ಮನಿದ್ದ? ಅದು ಗೊತ್ತಿದ್ದದ್ದು ಸಪ್ನಾಳಿಗೆ ಮಾತ್ರ.

* * *

ಹಬ್ಬಕ್ಕೆ ಕೆಲವು ತಿಂಗಳ ಮೊದಲಿನ ಮಾತು, ಎರಡು ಸಾವಿರದ ನಾಲ್ಕನೇ ಇಸವಿ. ಸಪ್ನಾಳ ಅಪ್ಪ ರಾಮಲಿಂಗಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರಿ. ಮಗಳ ಕೈಗೆ ಪಾಟ್ಲಿ ಬಳೆ ಮಾಡಿಸಲೆಂದು ಮೂವತ್ತು ಸಾವಿರ ತೆಗೆದಿಟ್ಟಿದ್ದರು.

"ನನಗ ಬಂಗಾರ ಬ್ಯಾಡ ಅಪ್ಪಾ. ಗೇಮ್ ಆಡೂ ಕಂಪ್ಯೂಟರ್ ಬೇಕು!"

ಸೈಬರ್ ಕೆಫೆಯಲ್ಲಿ ಕಾರ್ ರೇಸಿಗೆ ಕೂತರೆ ಸಾಕು, ಹುಡುಗರು ಕುರ್ಚಿಯ ಹಿಂದೆ ನಿಂತು "ತಾಯೀ, ಈಮೇಲ್ ನೋಡೂದು ಮುಗದ್ರ ಎದ್ದೇಳು" ಅನ್ನುತ್ತಿದ್ದರು. ಎಷ್ಟು ಸಲ ಎದ್ದಿದ್ದಳೋ! ಇನ್ನು ಏಳುವುದಿಲ್ಲ ಎಂದು ಹಟ ಹಿಡಿದಿದ್ದಳು.

ರಾಮಲಿಂಗಪ್ಪ ದುಡ್ಡು ಕೊಟ್ಟರು, ಷರತ್ತಿನೊಂದಿಗೆ. "ಇದು ಹಾಳಾತಂದ್ರ ಇನ್ಮ್ಯಾಲ ಮನ್ಯಾಗ ನಿನ್ನ ಮಾತು ನಡಿಯೂದಿಲ್ಲ. ನಾ ತಂದ ಸೀರಿ ಉಡಬೇಕು, ನಾ ತೋರಿಸಿದವನ್ನ ಕಟಗೋಬೇಕು. ಕಬೂಲ್?"

"ಕಬೂಲ್!"

ದೊಡ್ಡಪ್ಪನ ಮಗ ಸ್ವಪ್ನಿಲ್ ಎಂಜಿನಿಯರಿಂಗ್ ಓದುತ್ತಿದ್ದ. ನೀಲಿ ಲೈಟಿನ ಕ್ಯಾಬಿನೆಟ್ಟು, ಎದೆ ನಡುಗಿಸುವ ಸ್ಪೀಕರು ಬೇಕೇ ಬೇಕು ಅಂದ. ಅವನನ್ನು ಬಿಟ್ಟು ಅವಳು ಒಬ್ಬಳೇ ಅವಧೂತನ ಕಂಪ್ಯೂಟರ್ ಅಂಗಡಿಗೆ ಹೋದಳು. ಅಲ್ಲಿ ಜೋಡಣೆ ಕೆಲಸಕ್ಕಿದ್ದವನು ಮಾಂತು.

"ಮಾನಿಟರ್ ದಪ್ಪಂದ ಇರಲಿ, ರೊಕ್ಕ ಉಳಿತದ. ಲೈಟ್ ಬ್ಯಾಡ, ಲೈಟ್ ಗೇಮ್ ಆಡೂದಿಲ್ಲ" ಅಂದ.

"ಒಪ್ಪಿದೆ. ಆದ್ರ ಗ್ರಾಫಿಕ್ಸ್ ಕಾರ್ಡ್ ಅದ ಬೇಕು. ಮ್ಯಾಲಿನ ಕಪಾಟಿನಾಗಿಂದು."

"ನಿಮ್ಮ ರೊಕ್ಕದಾಗ ಕೂಡೂದಿಲ್ರಿ."

"ಪವರ್ ಸಪ್ಲೈ ಅಗ್ಗದ್ದು ಹಾಕ್ರಿ, ಕೂಡತದ!"

ಮಾಂತುವಿನ ಹುಬ್ಬು ಗಂಟಿಕ್ಕಿತು. "ಎಲ್ಲಾಕ್ಕೂ ಕರೆಂಟ್ ಹಂಚೂದ ಆ ಡಬ್ಬಿ. ಹೇರಿದ ಚಕ್ಕಡಿಗೆ ಮುದಿ ಎತ್ತು ಹೂಡಿದಂಗ ಆಗತದ್ರಿ. ನಡುದಾರ್ಯಾಗ ಕೂತಬಿಡತದ!"

"ಚಕ್ಕಡಿ ಯಾರದು? ನಂದು. ನಾ ಹೊಡಕೋತೀನಿ!"

ಅಬ್ಬಾ, ಎಂಥ ಹುಡುಗಿ! ಅವನಿಗೆ ಸಿಟ್ಟೂ ಬಂತು, ನಗುವೂ ಬಂತು.

ಉಳಿದ ಗಿರಾಕಿಗಳು ಕಿವಿ ನಿಮಿರಿಸಿದ್ದರು. ಸಪ್ನಾ ದುಪಟ್ಟಾದ ಅಂಚನ್ನು ತನ್ನ ಅಂಗೈ ಮೇಲೆ ಹರಡಿದಳು. "ನಿಮ್ಮಪ್ಪ ಯಾರ್ಡಿನವರಂದ್ರಲಾ? ಹಂಗಾರ ಇದು ಗೊತ್ತಿರಬೇಕು."

ಗೊತ್ತಿತ್ತು. ಯಾರ್ಡಿನ ಹಳಬರು ಬಟ್ಟೆಯ ಕೆಳಗೆ ಬೆರಳು ಹಿಡಿದೇ ದರ ಹೇಳುವವರು. ಅಂಗೈಗೆ ಅಂಗೈ ಒತ್ತಿದರೆ ಒಪ್ಪಿಗೆ. ಕೆಳಗೆ ಆದದ್ದನ್ನು ಮೇಲೆ ಯಾರೂ ಬಾಯಿಬಿಡುವಂತಿಲ್ಲ. ಮಾಂತುವಿನ ಅಪ್ಪ ಗೂಳಪ್ಪ ಜೀವನವೆಲ್ಲ ಆ ಕೈಗಳ ಮುಂದೆ ಚೀಲ ಹೊತ್ತು ನಿಂತವನು.

"ಬೆರಳಿಗೆ ನೂರು" ಎಂದು ಮೆಲ್ಲಗೆ ಹೇಳಿ ಅವಳು ದುಪಟ್ಟಾದ ಕೆಳಗೆ ಅವನ ಬೆರಳುಗಳನ್ನು ಒತ್ತಿದಳು. ಅಗ್ಗದ ಡಬ್ಬಿಯ ದರ. ಅವನು ತಲೆ ಅಲ್ಲಾಡಿಸಿದ. ಮತ್ತೆ ಒತ್ತಿದಳು. ಮತ್ತೆ ಅಲ್ಲಾಡಿಸಿದ. ಅವಳು ಹಿಡಿದ ಬೆರಳು ಬಿಡಲೇ ಇಲ್ಲ...

ಕೊನೆಗೆ ಒಂದು ಒರಟು ಅಂಗೈ ಅವಳ ಅಂಗೈಗೆ ಒತ್ತಿತು. ವ್ಯಾಪಾರ ಮುಗಿದಿತ್ತು. ಇಬ್ಬರೂ ಕೈ ತೆಗೆಯುವುದನ್ನು ಮರೆತಿದ್ದರು.

* * *

ಮುದಿ ಎತ್ತು ಗಣಪತಿ ಹಬ್ಬದ ದಿನವೇ ಕೂತುಬಿಟ್ಟಿತು. ತಪ್ಪು ನನ್ನದು ಎಂದರೆ ಅಪ್ಪನ ಷರತ್ತು ಕೊರಳಿಗೆ ಬೀಳುತ್ತದೆ. ಸುಮ್ಮನಿದ್ದರೆ ಅವನ ಹೆಸರು ಹೋಗುತ್ತದೆ.

ಅವಳು ಸುಮ್ಮನಿದ್ದಳು. ಅವನ ಹೆಸರು ಹೋಯಿತು. ಸ್ವಪ್ನಿಲ್‌ನ ಒಂದು ಫೋನಿಗೆ ಅವಧೂತ ಅವನನ್ನು ಕೆಲಸದಿಂದ ಬಿಡಿಸಿದ.

ಅವಳಿಗೆ ಅದು ತಿಳಿದದ್ದು, ಅಪ್ಪನಿಗೆ ಊಟದ ಡಬ್ಬಿ ಕೊಡಲು ಯಾರ್ಡಿಗೆ ಹೋದ ಮಧ್ಯಾಹ್ನ. ಮೆಣಸಿನಕಾಯಿಯ ಘಾಟಿನ ನಡುವೆ ಬೆನ್ನ ಮೇಲೆ ಚೀಲ ಹೊತ್ತು ಬಂದವನು ಮಾಂತು! ಅವಳನ್ನು ನೋಡಿಯೂ ನೋಡದಂತೆ ದಾಟಿಹೋದ.

ಸಪ್ನಾಳ ಕಣ್ಣು ಉರಿಯಿತು. ಮೆಣಸಿನಕಾಯಿಗಲ್ಲ.

ಊಟದ ಡಬ್ಬಿ ಕೈಯಲ್ಲಿ ಹಿಡಿದೇ ಅವಧೂತನ ಅಂಗಡಿಗೆ ಹೋದಳು. ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅಲ್ಲಿಂದ ಸೀದಾ ಯಾರ್ಡಿಗೆ ಬಂದಳು.

ಅಪ್ಪನ ಅಂಗಡಿ ಕಟ್ಟೆಯ ಮೇಲೆ ವ್ಯಾಪಾರಿಗಳು ಕೂತಿದ್ದರು. ಸ್ವಪ್ನಿಲ್ ಕೂಡ ಇದ್ದ.

"ಅಪ್ಪಾ, ಮಾಂತು ಕಳ್ಳಲ್ಲ!" ಅವಳ ದನಿಗೆ ತಕ್ಕಡಿಯವನೂ ತಿರುಗಿ ನೋಡಿದ. "ಆ ಅಗ್ಗದ ಡಬ್ಬಿ ಆರಿಸಿದಾಕಿ ನಾ. ಅವ್ರು ಬ್ಯಾಡ ಬ್ಯಾಡ ಅಂದ್ರು. ನಾನ ಹಟಾ ಮಾಡಿದೆ!"

"ಸಪ್ನಾ, ಒಳಗ ನಡಿ" ರಾಮಲಿಂಗಪ್ಪ ಗದರಿದರು.

"ಅವನ ಸಲುವಾಗಿ ಸುಳ್ಳ ಹೇಳಾಕತ್ತಾಳ್ರಿ ಕಾಕಾ!" ಸ್ವಪ್ನಿಲ್ ನಕ್ಕ.

"ನೀ ಸುಮ್ಮನಿರು ಅಣ್ಣಾ! ಅಪ್ಪಾ, ಮೆಣಸಿನಕಾಯಿ ಚೀಲದ ತಳಾನಕಾ ಕೈ ಹಾಕಿ ನೋಡದ ನೀವು ದರ ಹೇಳೂದಿಲ್ಲ. ಮನಶ್ಯಾನ್ನ ಮಾತ್ರ ಅಂಗಿ ನೋಡಿ ಕಳ್ಳ ಅಂದಬಿಡ್ತೀರಿ?"



"ಷರತ್ತು ನೆನಪದ ಏನು?" ಅಪ್ಪನ ದನಿ ತಗ್ಗಿತ್ತು.

"ಅದ. ಕಂಪ್ಯೂಟರ್ ಹಾಳಾಗಿಲ್ಲ. ಬ್ಯಾರೆ ಡಬ್ಬಿ ಹಾಕಿದ್ರ ಓಡತದ. ಅದನ್ನ ನಾ ದುಡಿದು ತರ್ತೀನಿ. ಸೀರಿ ನೀವು ತಂದದ್ದ ಉಡ್ತೀನಿ. ಆದ್ರ ಕಟಗೊಳ್ಳೂ ಮಾತಿಗೆ... ನಾ ಒಲ್ಲೆ ಅಂದ್ರ ಒಲ್ಲೆ!"

ಮಾಂತು ಚೀಲ ಇಳಿಸಿ ದೂರ ನಿಂತಿದ್ದ. ಅವಳು ಅವನೆದುರು ಹೋಗಿ ನಿಂತಳು.

"ನನ್ನ ಮ್ಯಾಲ ಸಿಟ್ಟದ ಏನ್ರಿ?"

"ಅದ."

"ಸ್ವಪ್ನಿಲ್ ಅಣ್ಣ ಬೈದದ್ದಕ್ಕ?"

"ಅವ ಬೈದದ್ದು ಅವತ್ತ ಮರ್ತೆ. ನೀವು ನೆಲಾ ನೋಡಿದ್ದು ಮರೀಲಾಕ ಆಗವಲ್ದು."

"ಮತ್ತ ನೀವರ ಯಾಕ ಬಾಯಿ ಬಿಡಲಿಲ್ರಿ?"

"ಬಟ್ಟಿ ಕೆಳಗಿನ ಮಾತು ನಾಲ್ಕು ಮಂದ್ಯಾಗ ಆಡಬಾರದು ಅಂತ ಅಪ್ಪ ಕಲಿಸ್ಯಾನ. ನೌಕರಿ ಹೋದ್ರೂ ಆಡಬಾರದು."

ಸಪ್ನಾ ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ಇಡೀ ಯಾರ್ಡು ನೋಡುತ್ತಿರುವಾಗಲೇ ಬಲಗೈ ಚಾಚಿ, ಅದರ ಮೇಲೆ ದುಪಟ್ಟಾ ಹರಡಿದಳು.

"ಏನ್ರಿ ಇದು? ಮಂದಿ ನೋಡಾಕತ್ತಾರ!"

"ನೋಡ್ಲಿ! ಅವತ್ತ ನೆಲಾ ನೋಡಿದೆ. ಇವತ್ತ ನಿಮ್ಮನ್ನ ನೋಡಾಕತ್ತೀನಿ."

"ಮಾಲ್ ಯಾವುದ್ರಿ?"

"ಮಾಲಲ್ಲ. ಜೀವಮಾನ ಪೂರ್ತಿ ನಿಮ್ಮ ಜೋಡಿ ಜಗಳಾಡೂದು."

ಮಾಂತು ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡ. ಮೆಣಸಿನಕಾಯಿಯ ಕೆಂಪು ಹೋಗಲಿಲ್ಲ. "ಕೈ ಉರಿತದ್ರಿ..."

"ಉರಿಲಿ. ಮತ್ತ ಆ 'ರೀ' ಬಿಡು."

ಅವನ ಕೈ ದುಪಟ್ಟಾದ ಕೆಳಗೆ ಸರಿಯಿತು. ಅವಳ ಒಂದೊಂದೇ ಬೆರಳನ್ನು ಹುಡುಕಿತು... ಆಮೇಲೆ ಇಡೀ ಅಂಗೈ ಬಂದು ಒತ್ತಿತು.

"ಸಪ್ನಾ..." ಅಂದ, ಅವಳಿಗಷ್ಟೇ ಕೇಳುವ ಹಾಗೆ.

"ಹ್ಞೂಂ" ಅಂದಳು, ಅವನಿಗಷ್ಟೇ ಕೇಳುವ ಹಾಗೆ.

"ಏ ಮಾಂತು!" ಕಟ್ಟೆಯಿಂದ ರಾಮಲಿಂಗಪ್ಪ ಕೂಗಿದರು. ದನಿಯಲ್ಲಿ ಸಿಟ್ಟಿತ್ತೋ, ಹಳೆಯ ವ್ಯಾಪಾರಿಯ ಕುತೂಹಲವಿತ್ತೋ! "ಏನ ದರ ಆತೋ?"

ಮಾಂತು ಬಗ್ಗಿ ಚೀಲವನ್ನು ಬೆನ್ನಿಗೇರಿಸಿಕೊಂಡ. ತಲೆ ಎತ್ತಿ, ಕಟ್ಟೆಯ ಮೇಲಿದ್ದವರ ಎದುರಿಗೇ, ದುಪಟ್ಟಾದ ಕೆಳಗಿನ ದರ ಬಾಯಿಬಿಡದೆ ನಡೆದುಹೋದ.