ತಂಬಿಗೆಯ ಮೇಲೆ ಜೋಡಿ ಹೆಸರು

"ಬರೇ ಗೆರಿ ಇದ್ರ ಅಕ್ಷರ ಆಗಂಗಿಲ್ಲ ಬೀರೇಶ. ಗೆರಿ ನಡುವಿನ ಖಾಲಿ ಜಾಗಾನೂ ಅಳತಿ ಮಾಡ್ಬೇಕು," ಎಂದು ಮೈತ್ರಿ ಪಾಠ ಹೇಳುತ್ತಿದ್ದಳು. ಬೀರೇಶನ ಕಣ್ಣು ಮಾತ್ರ ಅದನ್ನು ತೋರಿಸುತ್ತಿದ್ದ ಬೆರಳಿನ ಮೇಲಿತ್ತು.

ಸೇಡಂ ಬಜಾರಿನಲ್ಲಿ ಗುರುಲಿಂಗಯ್ಯನವರ ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಹಾಕುವುದು ಅವನ ಕೆಲಸ. ಮೈತ್ರಿ ಆ ಅಂಗಡಿ ಸಾವ್ಕಾರರ ಮಗಳು. ಪುಣೆಯಲ್ಲಿ ಅಕ್ಷರ ವಿನ್ಯಾಸ ಓದಿದವಳು. ಪಾತ್ರೆಗಳ ಮೇಲಿನ ಚುಕ್ಕೆ ಅಕ್ಷರಗಳಿಂದ ಕನ್ನಡದ ಫಾಂಟ್ ಒಂದನ್ನು ಮಾಡಬೇಕೆಂದು ಬೇಸಿಗೆಗೆ ಊರಿಗೆ ಬಂದಿದ್ದಳು. ಬಂದವಳು ಫ್ಯಾನಿನ ಕೆಳಗೆ ಕೂರುವುದು ಬಿಟ್ಟು ಇವನ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದಳು. ಪಾಪದ ಹುಡುಗ ಏನು ಮಾಡಬೇಕು?

"ಈ ಚುಕ್ಕಿ ಯಾರು ಕಲಿಸಿದ್ರು?"

"ನಮ್ಮಜ್ಜ. ಹಿತ್ತಾಳಿ ಮ್ಯಾಲ ಉಳಿ ಇಟ್ಟು ಬಡೀತಿದ್ದ. ಉಳಿಗೆ ದುಂಡಗ ತಿರುಗಲಿಕ್ಕೆ ಬರಂಗಿಲ್ಲ, ಅದಕ್ಕ ಒಂದೊಂದೇ ಚುಕ್ಕಿ. ಈಗ ಕರೆಂಟಿನ ಪೆನ್ನು ಬಂದ್ರೂ ಕೈ ಹಂಗೇ ಓಡ್ತದ್ರಿ."

"ನೋಡು, ಉಳಿ ಹೋಯ್ತು, ಅದರ ಚಾಳಿ ಅಕ್ಷರದಾಗ ನಿಂತದ. ಭಾಳ ಫಾಂಟಿನ ಕಥಿ ಹಿಂಗೇ."

"ಚಾಳಿ ಬಿಡೂದು ಅಷ್ಟು ಸರಳ ಇಲ್ರಿ," ಎಂದು ಅವನು ಅವಳನ್ನೇ ನೋಡಿದ. ಅವಳು ತುಟಿ ಕಚ್ಚಿ ನಗು ತಡೆದಳು, ಸ್ಕ್ರೀನಿನ ಕಡೆ ತಿರುಗಿದಳು, ಮತ್ತೆ ಓರೆಗಣ್ಣಿನಲ್ಲಿ ಇವನತ್ತ ನೋಡಿದಳು.

ಫಾಂಟ್ ಸಿದ್ಧವಾದ ದಿನ ಒಂದು ಹಾಳೆ ಪ್ರಿಂಟ್ ತೆಗೆದು ತಂದುಕೊಟ್ಟಳು. ದಪ್ಪಕ್ಷರದಿಂದ ಸಣ್ಣಕ್ಷರದವರೆಗೆ ಒಂದೇ ಸಾಲು: ಬೀರೇಶ ಮೈತ್ರಿ, ಬೀರೇಶ ಮೈತ್ರಿ. ಅವನ ಕಸುಬಿನಲ್ಲಿ ಹೆಣ್ಣು ಗಂಡಿನ ಹೆಸರು ಜೋಡಿಯಾಗಿ ಬೀಳುವುದು ಮದುವೆಯ ಪಾತ್ರೆಯ ಮೇಲೆ ಮಾತ್ರ. ಹಾಳೆಯನ್ನೂ ಅವನು ಹಾಗೆಯೇ ಓದಿದ. ಉತ್ತರವಾಗಿ ಹೊಸ ತಂಬಿಗೆಯೊಂದನ್ನು ಕೊಂಡು, ಅವೇ ಎರಡು ಹೆಸರು ಹಾಕಿ, ಅವಳ ಕೈಗಿಟ್ಟ.

ಮೈತ್ರಿ ಅದನ್ನು ಎದೆಗೊತ್ತಿಕೊಂಡಳು. ಅಷ್ಟರಲ್ಲಿ ಗಲ್ಲಾದಿಂದ ಎದ್ದು ಬಂದ ಗುರುಲಿಂಗಯ್ಯ ತಂಬಿಗೆಯನ್ನು ಕಸಿದುಕೊಂಡು ಓದಿದರು.

"ಇದೇನವಾ?"

ಅವಳ ಮುಖದ ಬಣ್ಣ ಇಳಿಯಿತು. "ಟೆಸ್ಟಿಂಗ್, ಅಪ್ಪಾ. ದೀರ್ಘ, ಒತ್ತು ಸರಿ ಬರ್ತಾವೇನಂತ ನೋಡಲಿಕ್ಕೆ ಎರಡು ಹೆಸರು ಹೊಡೆದಿದ್ದೆ. ಅವ ತಪ್ಪು ತಿಳ್ಕೊಂಡಾನ."

"ಕಟ್ಟಿ ಮ್ಯಾಲ ಕುಂದ್ರಿಸಿದ್ರ ಮನಿ ಒಳಗ ಬರ್ತೀ ಏನೋ?" ಎಂದರು ಗುರುಲಿಂಗಯ್ಯ ಬೀರೇಶನಿಗೆ. "ನಾಳಿಂದ ಬರಬ್ಯಾಡ."

ಅವಳು ಇನ್ನೊಂದು ಮಾತು ಹೇಳಬಹುದೆಂದು ಬೀರೇಶ ಕಾದ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಸಂಜೆ ಅವನು ತನ್ನೂರು ಚಿಮ್ಮನಚೋಡದ ಬಸ್ಸಿಗೆ ನಿಂತಿದ್ದಾಗ ಮೈತ್ರಿ ಓಡಿ ಬಂದಳು.

"ನಾ ಸುಳ್ಳು ಹೇಳ್ದೆ. ಟೆಸ್ಟಿಂಗಿಗೆ ಬ್ಯಾರೆ ಎಷ್ಟೋ ಶಬ್ದ ಇದ್ವು. ಬೇಕಂತಲೇ ನಮ್ಮ ಹೆಸರು ಹೊಡೆದೆ. ನಂಗ ನೀ ಬೇಕು ಬೀರೇಶ."

ಬೇಸಿಗೆಯುದ್ದಕ್ಕೂ ಕೇಳಬೇಕೆಂದಿದ್ದ ಮಾತು. ಈಗ ಕೇಳಿದರೆ ಬಾಯೆಲ್ಲ ಕಹಿಯಾಯಿತು.

"ನಡೀರಿ, ಇದ್ನೇ ಸಾವ್ಕಾರ್ರ ಮುಂದ ಹೇಳ್ರಿ. ನಾನೂ ಬರ್ತೀನಿ."

ಮೈತ್ರಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಈಗ ಬ್ಯಾಡ. ಫಾಂಟ್ ಹೊರಗ ಬರ್ಲಿ. ಅದರಾಗ ನಿನ್ನ ಹೆಸರು ಹಾಕ್ತೀನಿ, ಲೋಕಕ್ಕೆಲ್ಲ ಗೊತ್ತಾಗ್ತದ."

"ಲೋಕಕ್ಕ ಬ್ಯಾಡ್ರಿ. ನಿಮ್ಮಪ್ಪಾರ ಒಬ್ಬರಿಗೆ ಗೊತ್ತಾದ್ರ ಸಾಕು."

ಕಂಡಕ್ಟರ್ ಸೀಟಿ ಊದಿದ. ಬೀರೇಶ ಹತ್ತಿ ಕೂತು, ತಡೆಯಲಾರದೆ ಕಿಟಕಿಯಿಂದ ತಿರುಗಿ ನೋಡಿದ. ಅವಳು ಕೈಯನ್ನು ಅರ್ಧಕ್ಕೆ ಎತ್ತಿ, ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಸುತ್ತಲೂ ನೋಡುತ್ತಿದ್ದಳು.